ತೆರೇಸಕ್ಕ ಎದ್ದು ಹೋಗದ ಭಾನುವಾರ

ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿ ವಾಸನೆ ಬಂದರೆ, ಈಗಲೂ ನನ್ನ ಕೈ ಸೀರೆಯಲ್ಲಿ ಇಲ್ಲದ ಜೇಬನ್ನು ಹುಡುಕುತ್ತದೆ.

ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ನಾಲಿಗೆಯ ಮೇಲಿಡುವ ಪರಮಪ್ರಸಾದವನ್ನು ನಾನು ಸ್ವೀಕರಿಸಲು ಶುರುಮಾಡಿದ ವರ್ಷ ಅದು. ಅದಕ್ಕೆ ಮೊದಲು ಒಂದು ಗಂಟೆ ಏನನ್ನೂ ತಿನ್ನಬಾರದು. ಆದರೂ ಚರ್ಚಿಗೆ ಹೋಗುವ ತೋಟದ ದಾರಿಯಲ್ಲಿ, ಜೊತೆಗಿದ್ದ, ಕೂಲಿಯಾಳುಗಳ ಲೈನ್‌ಮನೆಯ ತೆರೇಸಕ್ಕ ಒಂದು ಕೆಂಪು ಕಾಫಿ ಹಣ್ಣು ಕಿತ್ತು ಚೀಪಿದ್ದನ್ನು ಕಂಡು ನಾನೂ ಒಂದನ್ನು ಚೀಪಿದೆ. ಬೀಜಗಳನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡೆ. ಪೂಜೆಯಲ್ಲಿ ಎಲ್ಲರೂ ಪ್ರಸಾದಕ್ಕೆ ಎದ್ದಾಗ ತೆರೇಸಕ್ಕ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದಳು. ನಾನು ಅಜ್ಜಿಯ ಹಿಂದೆ ಹೋಗಿ ನಾಲಿಗೆ ಚಾಚಿದೆ.

ಮಧ್ಯಾಹ್ನ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಅಜ್ಜಿ, “ತೆರೇಸ ಪ್ರಸಾದಕ್ಕೆ ಏಳ್ಲೇ ಇಲ್ಲ. ಏನು ಪಾಪ ಮಾಡ್ಕೊಂಡಿದ್ದಾಳೋ ಅವಳು. ಮುಖ ನೋಡಿದ್ರೇ ಗೊತ್ತಾಗ್ತದೆ,” ಎಂದಳು.

“ಹೌದಜ್ಜಿ,” ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಅಷ್ಟರಲ್ಲಿ ಕತ್ತಿ ಕೇಳಲು ತೆರೇಸಕ್ಕನೇ ಅಂಗಳಕ್ಕೆ ಬಂದಳು. ನಾನು ಕೈಯನ್ನು ಜೇಬಿಗೆ ತುರುಕಿದೆ. ಯಾಕೆ ಪ್ರಸಾದಕ್ಕೆ ಬರಲಿಲ್ಲವೆಂದು ಅಜ್ಜಿ ಕೇಳಿಯೇಬಿಟ್ಟಳು.

“ದಾರೀಲಿ ಮರ್ತು ಕಾಫಿ ಹಣ್ಣು ಬಾಯಿಗೆ ಹಾಕ್ಕೊಂಡ್ಬಿಟ್ಟೆ ಅಮ್ಮ. ಮತ್ತೆ ಹೇಗೆ ಹೋಗೋದು?”

ಅಜ್ಜಿಯ ಕೈ ಅಕ್ಕಿಯ ಮೇಲೆ ನಿಂತಿತು. “ಇವಳೂ ನಿನ್ನ ಜೊತೇಲೇ ಬಂದ್ಲಲ್ಲ. ಇವಳೂ ತಿಂದ್ಲಾ?”

ತೆರೇಸಕ್ಕ ನನ್ನ ಜೇಬಿನ ಮೇಲಿನ ಕಲೆಯನ್ನು ಒಮ್ಮೆ ನೋಡಿದಳು.

“ನಂದು ನಾನು ಹೇಳ್ದೆ ಅಮ್ಮ,” ಎಂದು ಜಗಲಿಯ ಮೂಲೆಯಲ್ಲಿದ್ದ ಕತ್ತಿ ಎತ್ತಿಕೊಂಡು ಹೊರಟುಹೋದಳು.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಜೇಬಿನೊಳಗೆ ಆ ಎರಡು ಬೀಜಗಳು ನನ್ನ ಬೆರಳಿಗೆ ಅಂಟಿಕೊಂಡಿದ್ದವು.