ಮಾವನಿಗೆ ಮೊದಲ ಟೆಸ್ಟ್

೨೦೯೧ರ ಮಾರ್ಚ್ ೯, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ವನಮಾಲಾಳ ಅಡುಗೆ ಯಂತ್ರದಲ್ಲಿ ಉಪ್ಪಿಟ್ಟಿನ ಬಿಲ್ಡ್, ಅಂದರೆ ಒಂದು ಸಲದ ತಯಾರಿ, ಮತ್ತೆ ಫೇಲಾಯಿತು. ಎಲ್ಲ ಟೆಸ್ಟ್‌ಗಳೂ ಪಾಸಾಗದೆ ಯಂತ್ರ ಬಾಗಿಲು ತೆರೆಯುವುದಿಲ್ಲ. ಎಂಟಕ್ಕೆ ಹೊಸ ಬೀಗರು ಮೊದಲ ಸಲ ತಿಂಡಿಗೆ ಬರುವವರಿದ್ದರು.

"ರುಚಿ ಪಾಸ್. ಉಪ್ಪು ಫೇಲ್, ಬಿಸಿ ಫೇಲ್," ಎಂದು ಗಂಡ ಶಂಭುಲಿಂಗ ಪರದೆ ನೋಡಿ ಓದಿದ. "ಕಾರಣ, ಪಾತ್ರೇಲಿ ಉಪ್ಪಿಟ್ಟಿಲ್ಲ."

"ಇಲ್ಲ ಅಂದ್ರೇನ್ರೀ? ಎರಡು ಸೇರು ರವೆ ಸುರಿದಿದೀನಿ!"

ವನಮಾಲಾ ಟೆಸ್ಟ್‌ಗಳ ಸಾಲನ್ನು ತೆರೆದು ನೋಡಿದಳು. ರುಚಿ ನೋಡುವ ಟೆಸ್ಟ್ ಎಂದರೆ ತೀರಿಕೊಂಡ ಮಾವನ ಡಿಜಿಟಲ್ ನಕಲು. ಹಿರಿಯರಿಗೆ ಮೊದಲು ಬಡಿಸಬೇಕೆಂದು ಅತ್ತೆ ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದರು. ಮಾವ ಇಡೀ ಪಾತ್ರೆ ಖಾಲಿ ಮಾಡಿ, ತೃಪ್ತಿಯಿಂದ ಪಾಸ್ ಮಾಡುತ್ತಿದ್ದರು.

"ಮಾವಾ, ನಿಮ್ಮನ್ನ ಕೊನೇಗೆ ಹಾಕ್ಲಾ?"

"ಹಾಕು ತಾಯಿ," ಎಂದಿತು ಯಂತ್ರ, ಮಾವನ ದನಿಯಲ್ಲಿ. "ಫೇಲ್ ಮಾಡ್ತೀನಿ."

ಅವಳು ಸಾಲನ್ನು ಮುಟ್ಟಲಿಲ್ಲ. ಮಾವನಿಗೆಂದೇ ಬೇರೆ ಪಾತ್ರೆಯಲ್ಲಿ ಇನ್ನೊಂದು ಬಿಲ್ಡ್ ಹಚ್ಚಿದಳು. ಅವರು ಅದನ್ನು ಮುಗಿಸಿ ತೇಗಿದರು.

"ಇನ್ನು ಬೀಗರದ್ದು ಕೊಡಮ್ಮ. ರುಚಿ ನೋಡದೆ ಬಡಿಸಿದ್ರೆ ಮರ್ಯಾದೆ ಏನಾಗ್ಬೇಕು?"

ಹೊಟ್ಟೆ ತುಂಬಿದ್ದರಿಂದ ಈ ಸಲ ಸ್ವಲ್ಪ ಬಿಟ್ಟರು. ಉಳಿದ ಟೆಸ್ಟ್‌ಗಳೆಲ್ಲ ಪಾಸಾದವು. ಎಂಟಕ್ಕೆ ಸರಿಯಾಗಿ ಯಂತ್ರದ ಬಾಗಿಲು ತೆರೆಯಿತು. ಆರು ಮಂದಿ ಬೀಗರಿಗೆ ಉಳಿದಿದ್ದ ಉಪ್ಪಿಟ್ಟಿನ ತೂಕ ೧೪೦ ಗ್ರಾಂ.