ಒಂದು ಚೊಂಬು ನೀರು

ಅಥವಾ ಅದು ಮಧ್ಯಾಹ್ನವೇ ಆಗಿರಲಿಲ್ಲವೇನೋ; ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ಮಧುಗಿರಿಯ ಆ ಬಿಸಿಲೇ ಕಾಣುತ್ತದೆ. ಜ್ವರದಲ್ಲಿ ಉಸಿರು ಕಟ್ಟುತ್ತಿದ್ದ ತಂಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವ್ವ ಚರ್ಚಿನ ಉಪದೇಶಿಯ ಜಗಲಿಗೆ ಬಂದಿದ್ದಳು. ತಲೆಗೆ ನೀರು ಹಾಕಿಸಿಕೊಂಡು ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ.

"ಕೂಸುಗಳಿಗೆ ದೀಕ್ಷಾಸ್ನಾನ ಕೊಡ್ಬೇಕು ಅಂತ ಬೈಬಲ್‌ನಾಗೆ ಎಲ್ಲೂ ಬರ್ದಿಲ್ಲ ಕಣಮ್ಮ," ಎಂದರು ಉಪದೇಶಿ.

"ಜೈಲು ಕಾಯೋನು ಮನೆಮಂದಿ ಸಮೇತ ದೀಕ್ಷಾಸ್ನಾನ ತಕ್ಕಂಡ ಅಂತ ಅದ್ರಾಗೇ ನೀವೇ ಓದಿದ್ರಲ್ಲ ಅಯ್ನೋರೆ. ಆ ಮನೇಲಿ ತೊಟ್ಲು ಇರ್ಲಿಲ್ವಾ?"

"ತೊಟ್ಲು ಇತ್ತು ಅಂತ ಬರ್ದಿಲ್ಲ."

"ಒಲೆ ಇತ್ತು ಅಂತ್ಲೂ ಬರ್ದಿಲ್ಲ. ಆದ್ರೂ ಅವ್ನು ಊಟ ಇಕ್ಕಿದ್ನಲ್ಲ."

ಅವರು ಪುಸ್ತಕ ಮುಚ್ಚಿ, ಒಳಗಿನಿಂದ ಒಂದು ಚೊಂಬು ನೀರು ತಂದರು. ಸಂಜೆ ತಂಗಿ ಸತ್ತಾಗ ಕಂಬಳಿ ಒದ್ದೆಯಾಗಿತ್ತು. ಹೂಳಲು ಹೋದವರು, ಚರ್ಚಿನ ಸ್ಮಶಾನಕ್ಕೋ ಬೇರೆಲ್ಲಿಗೋ, ನನ್ನನ್ನು ಕರೆದೊಯ್ಯಲಿಲ್ಲ. ನೀರನ್ನು ಅವಳ ತಲೆಗೆ ಹಾಕಿದರೋ, ಅವ್ವನಿಗೆ ಕುಡಿಯಲು ಕೊಟ್ಟಾಗ ಚೆಲ್ಲಿತೋ, ಅವಳ ಬೆನ್ನ ಹಿಂದೆ ನಿಂತಿದ್ದ ನನಗೆ ಗೊತ್ತಿಲ್ಲ.