ಕೇಳುವ ಕೋಣೆ

ಮುತ್ತುರಾಜ ಆ ಗಿಟಾರಿಗೂ ಫೇಲ್ ಎಂಬ ಕೆಂಪು ಚೀಟಿ ಅಂಟಿಸಿದ.

ಕೇಳುವ ಕೋಣೆಯ ಗಾಜಿನ ಈಚೆ ನಿಂತಿದ್ದ ಅನುಗೆ ಅಷ್ಟೇ ಬೇಕಾಗಿತ್ತು. ಆ ಗಿಟಾರು ಈ ಹೊಸ ಕಾರ್ಖಾನೆಯದಲ್ಲ. ಕಾಮಾಕ್ಷಿಪಾಳ್ಯದ ಹಳೆಯ ಶೆಡ್ಡಿನಲ್ಲಿ ತಯಾರಾಗಿ, ಇದೇ ಮುತ್ತುರಾಜನ ಕೈಯಲ್ಲಿ ಪಾಸಾಗಿ, ಮಾಲೀಕ ಜಗನ್ನಾಥರ ಮನೆಯ ಷೋಕೇಸ್ ಸೇರಿದ್ದದ್ದು. ಬೆಳಿಗ್ಗೆ ಅವಳೇ ಅದನ್ನು ಹೊಸ ಮಾಲಿನ ನಡುವೆ ಇಟ್ಟಿದ್ದಳು.

ಮುತ್ತುರಾಜ ಹೊರಗೆ ಬಂದ. "ಇದ್ರಲ್ಲೂ ಜೀವ ಇಲ್ಲ ಮೇಡಂ."

ಕಾರ್ಖಾನೆ ಕೆಂಗೇರಿಗೆ ಬಂದಾಗಿನಿಂದ ಅವನದು ಇದೊಂದೇ ಮಾತು. ಬಡಗಿಗಳು ಮರ ಬದಲಾಯಿಸಿದರು, ಅಂಟು ಬದಲಾಯಿಸಿದರು, ಒಳ್ಳೆಯ ಗಿಟಾರುಗಳನ್ನೇ ಬಿಚ್ಚಿ ಮತ್ತೆ ಕೂಡಿಸಿದರು. ಕೆಂಪು ಚೀಟಿ ನಿಲ್ಲಲಿಲ್ಲ. ಜಾಗ ಬದಲಾಯಿಸಿ ಗುಣಮಟ್ಟ ಕಳೆದುಕೊಂಡರು ಎಂಬ ಸುದ್ದಿ ಅಂಗಡಿಗಳವರೆಗೂ ಹೋಯಿತು. ಕೊಚ್ಚಿಯ ಡೀಲರ್ ಫೋನ್ ಮಾಡಿ, ಈ ವಾರ ಮಾಲು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ.

ಜಗನ್ನಾಥರಿಗೆ ಅನುಮಾನ ಬಂದದ್ದು ಆಗ. ಸ್ಥಳಾಂತರದ ಮೀಟಿಂಗಿನಲ್ಲಿ ಎದ್ದು ನಿಂತು ಬೇಡ ಎಂದವನು ಮುತ್ತುರಾಜ ಒಬ್ಬನೇ. ಕಾರಣ ಕೇಳಿದರೆ, ಅಲ್ಲಿ ನನ್ನ ಕೈಲಾಗಲ್ಲ ಸಾರ್ ಎಂದಷ್ಟೇ ಹೇಳಿ ಕೂತಿದ್ದ. ಮನೆಯಿರುವ ಮೂಡಲಪಾಳ್ಯದಿಂದ ಬಸ್ಸು ಬದಲಾಯಿಸಿಕೊಂಡು ಬರಲು ಸೋಮಾರಿತನ ಎಂದು ಎಲ್ಲರೂ ಅಂದುಕೊಂಡರು.

"ಬೇಕು ಅಂತ ಮಾಡ್ತಿದಾನೆ ಅಂತ ತೋರ್ಸಮ್ಮ," ಎಂದಿದ್ದರು ಜಗನ್ನಾಥ, "ಅವತ್ತೇ ಮನೆಗೆ ಕಳಿಸ್ತೀನಿ."

ಅನುಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಕ್ವಾಲಿಟಿ ವಿಭಾಗಕ್ಕೆ ಸೇರಿದ ದಿನದಿಂದ ಅವಳು ಅವನ ಧಿಮಾಕು ನೋಡಿದ್ದಳು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಫೋನ್ ತೆಗೆಯುವುದಿಲ್ಲ. ಎದುರು ನಿಂತು ಮಾತಾಡಿದರೆ ಕಣ್ಣು ನೋಡದೆ ಬಾಯಿಯನ್ನೇ ದಿಟ್ಟಿಸುತ್ತಾನೆ. ಅವಳಿಗೆ ಮುಜುಗರವಾಗಿ ದೂರಿದಾಗ ಜಗನ್ನಾಥರು ನಕ್ಕಿದ್ದರು. "ಅವ್ನು ಯಾರ ಮಾತೂ ಕೇಳಲ್ಲ ಕಣಮ್ಮ."

ಆದರೂ ಆ ಕೋಣೆಯನ್ನು ಕಟ್ಟಿಸಿದ್ದು ಅವನಿಗಾಗಿಯೇ. ಹಳೆಯ ಶೆಡ್ಡಿನ ಒಂದು ಪಕ್ಕ ಗಾರ್ಮೆಂಟ್ಸ್, ಇನ್ನೊಂದು ಪಕ್ಕ ಲೇತು, ನಡುವೆ ಮರ ಉಜ್ಜುವ ಮಷೀನುಗಳು. ಅಲ್ಲಿ ಎಲ್ಲರದೂ ಕೈಸನ್ನೆ. ಆ ಗಲಾಟೆಯ ಮೂಲೆಯಲ್ಲಿ ಕೂತು ಮುತ್ತುರಾಜ ಗಿಟಾರನ್ನು ಎದೆಗೊತ್ತಿ, ಅಂಚಿಗೆ ಗದ್ದ ಇಟ್ಟು, ಕಣ್ಣು ಮುಚ್ಚಿ ಒಂದು ತಂತಿ ಮೀಟುತ್ತಿದ್ದ. ಅವನು ಪಾಸ್ ಮಾಡಿದ ಒಂದು ಗಿಟಾರೂ ವಾಪಸ್ ಬಂದದ್ದಿಲ್ಲ. ಗಿರಾಕಿಗಳಿಗೆ ಅವನನ್ನು ತೋರಿಸಿ ಜಗನ್ನಾಥರು ಜಂಬ ಕೊಚ್ಚುತ್ತಿದ್ದರು: ಅಂಥ ಕಿವಿ ಬೆಂಗಳೂರಲ್ಲೇ ಇಲ್ಲ.

ಅಂಥ ಕಿವಿಗೆ ತಕ್ಕ ಕೋಣೆಯ ನಕ್ಷೆ ಅನುವೇ ಮಾಡಿದ್ದಳು. ಗೋಡೆಗೆ ಸ್ಪಂಜು, ನೆಲಕ್ಕೆ ಕಾರ್ಪೆಟ್, ಗಿಟಾರಿಗೆ ರಬ್ಬರ್ ಸ್ಟ್ಯಾಂಡ್. ಮೈಗೆ ತಾಗಿಸುವಂತಿಲ್ಲ; ಬೆವರು, ಅಂಗಿಯ ಗುಂಡಿ ಪಾಲಿಶ್ ಕೆಡಿಸುತ್ತವೆ. ಮೊದಲ ದಿನವೇ ಅವನು ಗಿಟಾರನ್ನು ಎತ್ತಿ ಅಪ್ಪಿಕೊಂಡ. ಅವಳು ಒಳಗೆ ಹೋಗಿ ಕಸಿದುಕೊಂಡು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಅವನು ಮತ್ತೆ ಮತ್ತೆ ಬೇಡಿಕೊಂಡ. "ಒಂದ್ಸಲ ತಬ್ಕೊಳ್ಳಕ್ಕೆ ಬಿಡಿ ಮೇಡಂ." ಅವಳು ಬಿಡಲಿಲ್ಲ. ಕೆಂಪು ಚೀಟಿಗಳು ಶುರುವಾದದ್ದು ಆಮೇಲೆ. ಸೇಡಲ್ಲದೆ ಇನ್ನೇನು?

ಈಗ ಜಗನ್ನಾಥರ ಮೇಜಿನ ಮೇಲೆ ಆ ಹಳೆಯ ಗಿಟಾರಿತ್ತು. ಅನು ಮೊಬೈಲ್ ಟಾರ್ಚ್ ಹಾಕಿ ಒಳಗಿನ ಲೇಬಲ್ ತೋರಿಸಿದಳು. ಕಾಮಾಕ್ಷಿಪಾಳ್ಯದ ವಿಳಾಸ. ಮುತ್ತುರಾಜ ಬಗ್ಗಿ ನೋಡಿದ. ಗಿಟಾರನ್ನು ಎತ್ತಿ ಎದೆಗೊತ್ತಿಕೊಂಡ, ಗದ್ದ ಇಟ್ಟ, ತಂತಿ ಮೀಟಿದ. ಈ ಸಲ ಯಾರೂ ತಡೆಯಲಿಲ್ಲ.

"ಇದೆ ಸಾರ್," ಎಂದ. "ಜೀವ ಇದೆ."

ಜಗನ್ನಾಥರು ಎದ್ದು ಕಿಟಕಿಯ ಕಡೆ ಹೋಗಿದ್ದರು. ಅವನ ಮುಖ ನೋಡಲು ಮನಸ್ಸಿರಲಿಲ್ಲ. ಅಂಗಳದ ಕಡೆ ನೋಡುತ್ತಲೇ ಕೇಳಿದರು. "ಮತ್ತೆ ಯಾಕೋ ಫೇಲ್ ಮಾಡ್ದೆ?"

ಮುತ್ತುರಾಜ ಉತ್ತರಿಸಲಿಲ್ಲ. ತಂತಿಯ ಮೇಲೇ ಬೆರಳಿತ್ತು.

ಜಗನ್ನಾಥರು ಸಿಟ್ಟಿನಿಂದ ತಿರುಗಿದರು. "ಬೇಕು ಅಂತ್ಲೇ ಮಾಡ್ದ್ಯಾ?"

ಅವನು ಬಾಯಿ ತೆರೆದ. ಏನೋ ಹೇಳುತ್ತಾನೆ ಎಂದು ಅನು ಕಾದಳು. ಹೇಳಲಿ ಎಂದು ಅವಳಿಗೇ ಗೊತ್ತಿಲ್ಲದಂತೆ ಬಯಸಿದಳು ಕೂಡ. ಅವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಕೈ ತೆಗೆದ.

"ಹೂಂ ಸಾರ್. ಬೇಕು ಅಂತ್ಲೇ ಮಾಡ್ದೆ."

ಸಂಜೆಯೊಳಗೆ ಕೆಂಪು ಚೀಟಿಗಳನ್ನೆಲ್ಲ ಕಿತ್ತು ಮಾಲನ್ನು ಲಾರಿಗೆ ತುಂಬಿದರು. ಮುತ್ತುರಾಜ ಗೇಟಿನ ಕಡೆ ನಡೆಯುವಾಗ ಬಡಗಿ ಶಶಿಕುಮಾರ್ ಹಿಂದಿನಿಂದ ಕೂಗಿದ: "ನಮ್ಮ ಅನ್ನಕ್ಕೇ ಮಣ್ಣು ಹಾಕ್ತಿದ್ಯಲ್ಲ ಗುರು, ನಿಂಗೆ ಒಳ್ಳೇದಾಗುತ್ತಾ?" ಅವನು ತಿರುಗಲಿಲ್ಲ. ಆಗಲೂ ಅದೇ ಧಿಮಾಕು ಎಂದರು ಎಲ್ಲರೂ.

ಮರುದಿನ ಅವನ ಹೆಂಡತಿ ಬೋರಮ್ಮ ಬಂದಳು, ಅವನ ಬಟ್ಟೆ, ಊಟದ ಡಬ್ಬಿ ಒಯ್ಯಲು. ಅನು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಬೈಗುಳ ಬರಬಹುದೆಂದು ಅನು ತಾನೇ ಮೊದಲು ಮಾತು ತೆಗೆದಳು.

"ನಾನು ಎಷ್ಟೋ ಸಲ ಹೇಳ್ದೆ ಆಂಟಿ. ಅವ್ರು ಕೇಳ್ಲೇ ಇಲ್ಲ."

ಬೋರಮ್ಮನ ಕೈ ಚೀಲದ ಮೇಲೆ ನಿಂತಿತು. "ಹಂಗಾದ್ರೆ ಗೊತ್ತಾಗೋಯ್ತಾ ನಿಮ್ಗೆ?"

"ಗೊತ್ತಾಗೋದೇನು, ಬೇಕು ಅಂತ್ಲೇ ಮಾಡ್ದೆ ಅಂತ ಅವ್ರೇ ಒಪ್ಕೊಂಡ್ರಲ್ಲ. ಅಷ್ಟು ಹಟ ಯಾಕೆ ಬೇಕಿತ್ತು?"

ಬೋರಮ್ಮ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು.

"ಹಟಮಾರಿ ಅಂದ್ರೂ ಪರವಾಗಿಲ್ವಂತೆ ಮೇಡಂ, ಕಿವುಡ ಅಂತ ಮಾತ್ರ ಯಾರೂ ಅನ್ಬಾರ್ದಂತೆ."